ಹುಷಾರಿಲ್ಲದ ಮಗುವಿಗೆ ನಾಲ್ಕು ದಿನ ಮಲಗೋಕೆ ಬಿಡಿ

ಒಂದು ದಿನವೂ ರಜೆ ಹಾಕದ ಮಕ್ಕಳನ್ನು ವೇದಿಕೆಗೆ ಕರೆದು ಬಹುಮಾನ ಕೊಡುತ್ತಾರಲ್ಲ, ಆ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು. ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ಆ ಒಂದು ಸರ್ಟಿಫಿಕೇಟಿಗಾಗಿ ಜ್ವರ ಇರುವ ಮಕ್ಕಳು ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿದು ವ್ಯಾನ್ ಹತ್ತುತ್ತಾರೆ. ಅದರ ಜೋರು ನಾಲ್ಕೈದು ಗಂಟೆ ಅಷ್ಟೇ. ಮಧ್ಯಾಹ್ನ ಊಟದ ಬೆಲ್ ಹೊಡೆಯುವ ಹೊತ್ತಿಗೆ ಮೈ ಮತ್ತೆ ಕಾದಿರುತ್ತದೆ. ಅಷ್ಟರಲ್ಲಿ ಅದೇ ಬೆಂಚಿನಲ್ಲಿ ಕೂತವರಿಗೆಲ್ಲ ಅಂಟಿಯೂ ಆಗಿರುತ್ತದೆ.

ನನ್ನ ಮಗಳು ನಾಲ್ಕನೇ ಕ್ಲಾಸು. ಬೆಂಗಳೂರಲ್ಲಿ ಆಷಾಢದ ಗಾಳಿ ಶುರುವಾದಾಗ ಅವಳಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು. ಕೆಮ್ಮು ಮಾತ್ರ ಶ್ರಾವಣ ಬಂದರೂ ಬಿಟ್ಟಿಲ್ಲ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ನೋಡೋಕಾಗಲ್ಲ. ಮಲಗಿದ ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತಾಳೆ. ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಾಳೆ, ಮುಖವೆಲ್ಲ ಕೆಂಪಗಾಗುತ್ತದೆ, ಕೊನೆಗೆ ಕುಡಿದ ಹಾಲೆಲ್ಲ ಹಾಸಿಗೆ ಮೇಲೆ. "ಅಮ್ಮಾ, ಪಕ್ಕೆ ನೋಯ್ತಿದೆ" ಅನ್ನುತ್ತಾಳೆ. ಬೆಡ್‌ಶೀಟ್ ತೆಗೆದು ಬೇರೆ ಹಾಸಿ, ದಿಂಬು ಎತ್ತರ ಮಾಡಿ, ಒಂದೊಂದೇ ಗುಟುಕು ಬಿಸಿನೀರು ಕುಡಿಸಿ ಮಲಗಿಸಬೇಕು. ಹೊರಗೆ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಒಂದೂ ಒಣಗಲ್ಲ.

ಡಾಕ್ಟರು ಎದೆಗೆ ಸ್ಟೆತ್ ಇಟ್ಟು ನೋಡಿದರು. ಉಸಿರಾಟ ಚೆನ್ನಾಗಿದೆ, ನ್ಯುಮೋನಿಯಾ ಅಲ್ಲ, ಹೆದರಬೇಡಿ ಅಂದರು. ವೈರಲ್ ಜ್ವರ ಆದ ಮೇಲೆ ಶ್ವಾಸನಾಳದ ಒಳಗೆ ಊತ ಉಳಿದಿರುತ್ತದಂತೆ. ತಣ್ಣನೆ ಗಾಳಿ ತಾಗಿದರೂ, ಸ್ವಲ್ಪ ಧೂಳು ಹೋದರೂ ಕೆಮ್ಮು ಕೆರಳುತ್ತದಂತೆ. ಪೂರ್ತಿ ಹೋಗೋಕೆ ಮೂರು ನಾಲ್ಕು ವಾರ ಹಿಡಿಯಬಹುದು, ಆಂಟಿಬಯಾಟಿಕ್ ವೈರಸ್ಸಿಗೆ ಕೆಲಸ ಮಾಡಲ್ಲ, ಸುಮ್ನೆ ಕೊಡಬೇಡಿ ಅಂದರು. ಬಿಸಿನೀರು, ಮಲಗುವ ಮುಂಚೆ ಒಂದು ಚಮಚ ಜೇನು, ಚೆನ್ನಾಗಿ ನಿದ್ದೆ. "ಸ್ವಲ್ಪ ದಿನ ರೆಸ್ಟ್ ಮಾಡಲಿ" ಅಂತಲೂ ಸೇರಿಸಿದರು. ಆ ರೆಸ್ಟ್ ಒಂದೇ ನಮಗೆ ಸಿಗದೇ ಹೋಗಿದ್ದು.

ಯಾಕೆಂದರೆ ಅವಳಿಗೆ ಜ್ವರ ಇರುವಾಗಲೇ ಎಫ್‌ಎ ಒಂದು, ಅಂದರೆ ವರ್ಷದ ಮೊದಲ ಕಿರುಪರೀಕ್ಷೆ, ಶುರುವಾಯಿತು. ಶಾಲೆಗೆ ಫೋನ್ ಮಾಡಿ ಆಮೇಲೆ ಬರೆಸಿ ಅಂತ ಕೇಳಿದೆ. ಮತ್ತೆ ಟೆಸ್ಟ್ ಕೊಡಲ್ಲ, ಬರದಿದ್ದರೆ ಸೊನ್ನೆ ಅಂದರು. ಒಂಬತ್ತು ವರ್ಷದ ಮಗು ಸ್ವಾಮಿ ಅದು! ಸೊನ್ನೆ ಅನ್ನುವ ಮಾತು ಕೇಳಿ ಅವಳೇ ಅಳುತ್ತಾ ಯೂನಿಫಾರ್ಮ್ ಹಾಕಿಕೊಂಡಳು. ಬರೆದು ಬಂದಳು. ಸಂಜೆ ಮತ್ತೆ ಮೈ ಸುಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಮೂಗು ಸೋರುತ್ತಿತ್ತಂತೆ, ಅವಳನ್ನೂ ಟೆಸ್ಟಿಗೆಂದೇ ಕಳಿಸಿದ್ದಾರೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಸಾಮಾನ್ಯ. ಅದರಲ್ಲೂ ಒಂದು ಸರಿಯಾಗಿ ವಾಸಿಯಾಗುವ ಮೊದಲೇ ಇನ್ನೊಂದು ಹತ್ತಿಕೊಂಡರೆ ಕೆಮ್ಮು ನಿಲ್ಲೋದಾದರೂ ಹೇಗೆ?

ಹೋಗಲಿ, ಬಂದ ಮಗುವನ್ನು ಸರಿಯಾಗಿ ನೋಡಿಕೊಂಡರಾ? ಅದೂ ಇಲ್ಲ. ಮಾರನೇ ವಾರ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದು ಕಳಿಸಿದರು: ಕೆಮ್ಮಿನಿಂದ ಕ್ಲಾಸಿಗೆ ತೊಂದರೆಯಾಗುತ್ತಿದೆ, ಸಿರಪ್ ಕೊಟ್ಟು ಕಳಿಸಿ. ಓದಿ ನನ್ನ ಕೈ ನಡುಗಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಹಾಳಾಗಿ ಸತ್ತರು. ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಅದರಲ್ಲಿ ಸಿಕ್ಕಿತ್ತು. ಎಲ್ಲ ಸಿರಪ್ಪೂ ವಿಷ ಅಂತ ನಾನು ಹೇಳುತ್ತಿಲ್ಲ. ಆದರೆ ಯಾವ ಔಷಧಿ ಕೊಡಬೇಕು ಅಂತ ಡಾಕ್ಟರು ಹೇಳಬೇಕು, ಡೈರಿಯಲ್ಲಿ ಬರೆದು ಕಳಿಸುವ ವಿಷಯವಲ್ಲ. ಬರಲೇಬೇಕು ಅಂತ ಕರೆಸಿಕೊಂಡವರೂ ನೀವೇ, ಬಂದ ಮೇಲೆ ಕೆಮ್ಮಬೇಡ ಅನ್ನುವವರೂ ನೀವೇ.

ಇನ್ನು ಮೆಡಿಕಲ್ ಸರ್ಟಿಫಿಕೇಟ್ ಕಥೆ. ಎರಡು ದಿನಕ್ಕಿಂತ ಜಾಸ್ತಿ ರಜೆ ಹಾಕಿದರೆ ಕಾಗದ ತರಲೇಬೇಕಂತೆ. ಮನೆಯಲ್ಲಿ ಮಲಗಿದ್ದ ಮಗುವನ್ನು ಎಬ್ಬಿಸಿ, ಆಟೋದಲ್ಲಿ ಕರೆದುಕೊಂಡು ಹೋಗಿ, ಕೆಮ್ಮುವ ಮಕ್ಕಳೇ ತುಂಬಿರುವ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂರಬೇಕು. ಔಷಧಿಗಲ್ಲ, ಬರೀ ಒಂದು ಸಹಿಗೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು, ಅದು ಗೊತ್ತು. ನಾಲ್ಕನೇ ಕ್ಲಾಸಿನ ಮಗು ಮೇಲೆ ಈ ಪಾಟಿ ಒತ್ತಡ ಯಾಕೆ?

ಸರ್ಕಾರ ಹೇಳಿಲ್ಲ ಅಂತೇನೂ ಇಲ್ಲ. 2025ರ ಮೇ ಕೊನೆಯಲ್ಲಿ ಕೋವಿಡ್ ಮತ್ತೆ ಕಾಣಿಸಿಕೊಂಡಾಗ ನಮ್ಮ ಆರೋಗ್ಯ ಇಲಾಖೆಯೇ ಸುತ್ತೋಲೆ ಹೊರಡಿಸಿತ್ತು. ಜ್ವರ, ಕೆಮ್ಮು, ನೆಗಡಿ ಇದ್ದರೆ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಹಾಗೆ ಬಂದರೆ ಪೋಷಕರಿಗೆ ತಿಳಿಸಿ ವಾಪಸ್ ಕಳಿಸಿ ಅಂತ ಅದರಲ್ಲಿತ್ತು. ಆಗ ಎಲ್ಲ ಶಾಲೆಯವರೂ ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕೋವಿಡ್ ಸುದ್ದಿ ಹೋಯಿತು, ಆ ಬುದ್ಧಿಯೂ ಹೋಯಿತು.

ಮನೆಯಲ್ಲಿ ಉಳಿಸಿಕೊಂಡರೆ ನೋಡಿಕೊಳ್ಳೋರು ಯಾರು ಅನ್ನೋದು ಇನ್ನೊಂದು ಸಂಕಟ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆ ಒಟ್ಟು 730 ದಿನ ರಜೆ ಇದೆ, ರಾಜ್ಯ ಸರ್ಕಾರದವರಿಗೆ 180 ದಿನ. ಅವರಿಗೆ ಸಿಗಲಿ, ಸಿಗಲೇಬೇಕು. ನನ್ನಂಥ ಖಾಸಗಿ ಕೆಲಸದವರಿಗೆ ಏನಿದೆ? ನನ್ನ ಸಿಎಲ್ ಮುಗಿದಿದೆ, ಈಗ ಸಂಬಳ ಕಟ್. ಶಾಲೆಯ ಅರ್ಜಿಯಲ್ಲಿ ಮೊದಲು ಬರೆದಿರೋದು ನಮ್ಮ ಮನೆಯವರ ನಂಬರು, ಆದರೂ ಹುಷಾರಿಲ್ಲ ಅಂದಾಗ ಫೋನ್ ಬರೋದು ನನಗೇ. ನೆಂಟರದ್ದು ಬೇರೆ. "ಬಾಳೆಹಣ್ಣು ಕೊಟ್ಟಿರ್ತೀಯ", "ತಲೆಗೆ ಸ್ನಾನ ಮಾಡಿಸಿರ್ತೀಯ", "ಇನ್ನೂ ಹೋಗಿಲ್ವಾ ಕೆಮ್ಮು?" ನಮ್ಮತ್ತೆ ಒಬ್ಬರೇ ಒಂದು ಮಾತೂ ಆಡದೆ ದೊಡ್ಡಪತ್ರೆ ಎಲೆ ಬಾಡಿಸಿ, ರಸ ಹಿಂಡಿ, ರಾತ್ರಿ ನನ್ನ ಜೊತೆ ಎದ್ದು ಕೂರುತ್ತಾರೆ.

ಈಗ ಹೊಸದು ನೋಟ್ಸ್. ತಪ್ಪಿದ ಪಾಠಗಳದ್ದೆಲ್ಲ ಸೋಮವಾರದೊಳಗೆ ಬರೆದು ಮುಗಿಸಬೇಕಂತೆ, ಐದು ವಿಷಯದ್ದೂ. ನಾನು ಬರೆಸಲ್ಲ. ಖಾಲಿ ಪುಸ್ತಕವನ್ನೇ ಕಳಿಸುತ್ತೇನೆ, ಜೊತೆಗೆ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ. ಹುಷಾರಿಲ್ಲದ ಮಕ್ಕಳಿಗೆ ಟೆಸ್ಟ್ ಇನ್ನೊಂದು ದಿನ ಕೊಡಿ, ಒಂದು ವಾರದವರೆಗೆ ಪೋಷಕರ ಚೀಟಿಯನ್ನೇ ಒಪ್ಪಿಕೊಳ್ಳಿ, ಹಾಜರಾತಿ ಬಹುಮಾನ ನಿಲ್ಲಿಸಿ. ನಮ್ಮ ಕ್ಲಾಸಿನ ಬೇರೆ ತಾಯಂದಿರೂ ಸಹಿ ಹಾಕುತ್ತೇವೆ ಅಂದಿದ್ದಾರೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಹೀಗೇ ಇದ್ದರೆ ನೀವೂ ಬರೆಯಿರಿ.