ಇಲ್ಲದ ಮನೆಗೆ ಕರೆಂಟು

ಮೊನ್ನೆ ಪೇಪರಿನಲ್ಲಿ ಮತ್ತೆ ಓಸಿ ಸುದ್ದಿ. ಓಸಿ ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಕಟ್ಟಡ ಪ್ಲಾನಿನಂತೆಯೇ ಇದೆ, ವಾಸ ಮಾಡಬಹುದು ಅನ್ನುವ ಕಾಗದ. ಅದಿಲ್ಲದ ಮನೆಗೆ ಕರೆಂಟಿಲ್ಲ ಅನ್ನುವ ಅದೇ ಹಳೇ ಕಥೆ. ಓದಿ ಮುಗಿಸಿ, ಪೇಪರ್ ಮಡಚಿಟ್ಟು, ಗೀಸರ್ ಆಫ್ ಮಾಡಲು ಎದ್ದೆ. ಬೆಳಗ್ಗೆ 6:50 ಆಗಿತ್ತು. ನಮ್ಮ ಮಹಡಿಯ ಪಾಳಿ ಮುಗಿದಿತ್ತು.

ಪಾಳಿ ಯಾವುದು ಅಂತ ಆಮೇಲೆ ಹೇಳುತ್ತೇನೆ. ಮೊದಲು ನನ್ನ ವಿಳಾಸ. ಹಾಸನದಲ್ಲಿ ಹದಿನಾರು ಮನೆಗಳ ಒಂದು ಅಪಾರ್ಟ್‌ಮೆಂಟು. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ನಾಲ್ಕು ಮನೆ. ಇದು ಕಣ್ಣಿಗೆ ಕಾಣುವ ಕಟ್ಟಡ. ಮಂಜೂರಾದ ಪ್ಲಾನಿನ ಕಾಗದದಲ್ಲಿ ಇನ್ನೊಂದು ಕಟ್ಟಡ ಇದೆ. ಅದಕ್ಕೆ ಮೂರೇ ಮಹಡಿ, ಹನ್ನೆರಡೇ ಮನೆ. ನಾನಿರುವುದು ನಾಲ್ಕನೇ ಮಹಡಿಯಲ್ಲಿ. ಅಂದರೆ ನಾನು ಎಲ್ಲೂ ಇಲ್ಲ. ಪ್ಲಾನಿನಲ್ಲಿಲ್ಲದ ಈ ಮಹಡಿಯಿಂದಾಗಿ ಇಡೀ ಕಟ್ಟಡಕ್ಕೇ ಓಸಿ ಇಲ್ಲ. ಸಾಲದ ಕಂತು ಮಾತ್ರ ಪ್ರತಿ ತಿಂಗಳು 5ನೇ ತಾರೀಕು ಮನೆ ಹುಡುಕಿಕೊಂಡು ಸರಿಯಾಗಿ ಬರುತ್ತದೆ. ಕಂದಾಯದವರಿಗೂ ನಾಲ್ಕನೇ ಮಹಡಿ ಚೆನ್ನಾಗಿ ಕಾಣುತ್ತದೆ. ಕರೆಂಟ್ ಆಫೀಸಿನವರಿಗೆ ಮಾತ್ರ ಕಾಣುವುದಿಲ್ಲ.

ಈ ಮಹಡಿಯೇನು ರಾತ್ರೋರಾತ್ರಿ ಎದ್ದು ನಿಂತಿದ್ದಲ್ಲ. ಸೆಂಟ್ರಿಂಗ್ ಹೊಡೆದರು, ಕಂಬಿ ಕಟ್ಟಿದರು, ಮೋಲ್ಡ್ ಹಾಕಿದರು. ಮೋಲ್ಡ್ ಹಾಕಿದ ದಿನ ಮಿಕ್ಸರ್ ಲಾರಿ ರಸ್ತೆಗೆ ಅಡ್ಡ ನಿಂತು ಅರ್ಧ ಬೀದಿಯ ಬೈಗುಳ ತಿಂದಿತ್ತು. ನೋಡಬೇಕಾದವರು ಆ ದಿನ ಯಾವ ಕಡೆ ತಿರುಗಿ ಕೂತಿದ್ದರೋ ಗೊತ್ತಿಲ್ಲ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಓಸಿ ತೋರಿಸದವರಿಗೆ ಕರೆಂಟು, ನೀರು ಕೊಡಬೇಡಿ ಅಂದಿತು. ಮೀರತ್ತಿನ ಕೇಸು, ಹಾಸನದಲ್ಲಿ ಕತ್ತಲು. ಕೋರ್ಟು ಹೇಳಿದ್ದರಲ್ಲಿ ತಪ್ಪೇನಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಅದೇ ತೀರ್ಪಿನಲ್ಲಿ, ನಿಯಮ ಮೀರಿ ಕಟ್ಟಲು ಬಿಟ್ಟ ಅಧಿಕಾರಿಗಳ ಮೇಲೂ ಕ್ರಮ ಆಗಬೇಕು ಅಂತ ಇದೆ. ಬ್ಯಾಂಕಿನವರು ಓಸಿ ನೋಡಿಯೇ ಸಾಲ ಕೊಡಬೇಕು ಅಂತಲೂ ಇದೆ. ಆ ಪುಟಗಳು ಜೆರಾಕ್ಸ್ ಅಂಗಡಿಯಲ್ಲೇ ಉಳಿದುಹೋಗಿರಬೇಕು. ನಮ್ಮೂರಿಗೆ ಬಂದಿದ್ದು ಕರೆಂಟ್ ಕೊಡಬೇಡಿ ಅನ್ನುವ ಪುಟ ಒಂದೇ.

ಇನ್ನು ಪ್ಲಾನಿಂಗ್ ವಿಷಯ. ಅಪಾರ್ಟ್‌ಮೆಂಟಿಗೆ ಕರೆಂಟ್ ಪ್ಲಾನ್ ಮಾಡುವುದು ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ನಮ್ಮ ಎಲೆಕ್ಟ್ರಿಕಲ್ ಕಂಟ್ರಾಕ್ಟರು ಪಾರ್ಕಿಂಗಿನಲ್ಲಿ ಬೋರಲು ಹಾಕಿದ ಪೇಂಟ್ ಬಕೆಟ್ ಮೇಲೆ ಕೂತು, ತೊಡೆ ಮೇಲೆ ಪ್ಯಾಡ್ ಇಟ್ಟುಕೊಂಡು, ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿದರು.

"ಮನೆಗೆ ಎಷ್ಟು ಲೋಡ್ ಬರೀಲಿ ಸಾರ್?"

"ಎಷ್ಟು ಬೇಕಾಗುತ್ತೋ ಅಷ್ಟು ಬರೀರಿ."

"ಬೇಕಾಗೋದು ಬೇರೆ ಸಾರ್, ಬರೆಯೋದು ಬೇರೆ."

ಮನೆಗೆ ಮೂರು ಕಿಲೋವ್ಯಾಟ್ ಬರೆದರು. ಲೈಟು, ಫ್ಯಾನು, ಟಿವಿ, ಒಂದು ಫ್ರಿಜ್ಜು. ಏಸಿ ಇಲ್ಲ, ಹಾಸನ ಬಡವರ ಊಟಿ ಅಲ್ವಾ. ಗೀಸರ್ ಇಲ್ಲ, ಮೇಲೆ ಸೋಲಾರ್ ಇದೆ. ಇಂಡಕ್ಷನ್ ಒಲೆ ಇಲ್ಲ. ಇಸ್ತ್ರಿ ಪೆಟ್ಟಿಗೆಯೂ ಇಲ್ಲ. ಋಷಿಗಳ ಆಶ್ರಮ! ಕಿಲೋವ್ಯಾಟ್ ಜಾಸ್ತಿ ಬರೆದರೆ ಡಿಪಾಸಿಟ್ ಜಾಸ್ತಿ, ತಿಂಗಳ ಫಿಕ್ಸೆಡ್ ಚಾರ್ಜ್ ಜಾಸ್ತಿ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಅದೂ ದೊಡ್ಡದು ಬೇಕು. ಹಾಗಾಗಿ ಬಿಲ್ಡರೂ ಖುಷಿ, ನಾವೂ ಖುಷಿ. ಹನ್ನೆರಡು ಮನೆಗೆ 36 ಕಿಲೋವ್ಯಾಟ್. ಲಿಫ್ಟು, ಪಂಪು, ಮೆಟ್ಟಿಲ ಲೈಟಿಗೆ 10. ಒಟ್ಟು 46. ಟಿಸಿಯ ಅಳತೆ ಕೆವಿಎಯಲ್ಲಿ. 46ನ್ನು ಪವರ್ ಫ್ಯಾಕ್ಟರ್ 0.85ರಿಂದ ಭಾಗಿಸಿದರೆ 54 ಕೆವಿಎ. ಟಿಸಿಗಳು ಅಂಗಿಯ ಹಾಗೆ ಸೈಜಿನಲ್ಲಿ ಬರುತ್ತವೆ: 25, 63, 100, 250. ನಮ್ಮ ಅಳತೆಗೆ 63 ಅಂದರು.

ಈಗ ಕಣ್ಣಿಗೆ ಕಾಣುವ ಕಟ್ಟಡದ ಲೆಕ್ಕ. ಹದಿನಾರು ಮನೆ, ಮನೆಗೆ ಎರಡು ಬಚ್ಚಲು, ಬಚ್ಚಲಿಗೊಂದು ಎರಡು ಕಿಲೋವ್ಯಾಟಿನ ಗೀಸರ್. ಸ್ನಾನಕ್ಕೇ 64 ಕಿಲೋವ್ಯಾಟ್ ಆಯಿತು. ದೋಸೆಗೆ ಹಿಟ್ಟು ರುಬ್ಬುವುದು ಇನ್ನೂ ಬಾಕಿ ಇದೆ.

ಎಲ್ಲರೂ ಎಲ್ಲವನ್ನೂ ಒಟ್ಟಿಗೇ ಹಾಕುವುದಿಲ್ಲ, ಆದ್ದರಿಂದ ಅಷ್ಟು ದೊಡ್ಡ ಟಿಸಿ ಬೇಕಿಲ್ಲ ಅನ್ನುವುದಕ್ಕೆ ಡೈವರ್ಸಿಟಿ ಫ್ಯಾಕ್ಟರ್ ಅನ್ನುತ್ತಾರೆ. ಇದೇ ಊರಿನ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬ ನನಗೆ ವಿವರಿಸಿದ. ಒಳ್ಳೆಯ ಲೆಕ್ಕ, ಸುಳ್ಳಲ್ಲ. ಆದರೆ ಡಿಸೆಂಬರಿನ ಬೆಳಗ್ಗೆ ಆರೂವರೆಗೆ ಹಾಸನದಲ್ಲಿ ಯಾವ ಡೈವರ್ಸಿಟಿಯೂ ಇರುವುದಿಲ್ಲ. ಇಡೀ ಊರು ಟವೆಲ್ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿರುತ್ತದೆ.

ಈ ಲೆಕ್ಕ ಎಲ್ಲ ಟಿಸಿ ಚಾರ್ಜ್ ಆದ, ಅಂದರೆ ಅದಕ್ಕೆ ಕರೆಂಟ್ ಬಂದ ಮೇಲಿನ ಮಾತು. ಸದ್ಯಕ್ಕೆ ಅದು ಗೇಟಿನ ಪಕ್ಕ ಎರಡು ಕಂಬದ ನಡುವೆ ಸುಮ್ನೆ ಕೂತಿದೆ. ಒಂದು ವರ್ಷ ದಾಟಿತು. ಅದರ ಮೇಲೆ ಬಳ್ಳಿ ಹಬ್ಬಿದೆ. ಕಾಗೆ ಗೂಡು ಕಟ್ಟಿ, ಮರಿ ಮಾಡಿ, ಮನೆ ಖಾಲಿ ಮಾಡಿಕೊಂಡೂ ಹೋಯಿತು. ಆ ಕಾಗೆಯನ್ನು ಯಾರೂ ಓಸಿ ಕೇಳಲಿಲ್ಲ.

ಟಿಸಿ ತಂದಿದ್ದು ನಮ್ಮ ದುಡ್ಡಿನಲ್ಲಿ. ಕಂಬ, ಕೇಬಲ್ಲು, ಕೂಲಿ ಎಲ್ಲ ನಮ್ಮದೇ. ಇದಕ್ಕೆ ಸೆಲ್ಫ್ ಎಕ್ಸಿಕ್ಯೂಷನ್ ಅಂತ ಹೆಸರು. ನಾವು ಮಾಡಿಸುತ್ತೇವೆ, ಕರೆಂಟ್ ಆಫೀಸಿನವರು ನಿಂತು ನೋಡುತ್ತಾರೆ, ನೋಡಿದ್ದಕ್ಕೆ ಮೇಲ್ವಿಚಾರಣೆ ಶುಲ್ಕ ಕಟ್ಟುತ್ತೇವೆ. ಎಲ್ಲ ಮುಗಿದ ಮೇಲೆ ಆಸ್ತಿ ಅವರದ್ದು. ಮದುವೆ ಖರ್ಚೆಲ್ಲ ಹೆಣ್ಣಿನ ಮನೆಯದ್ದು, ಬಂದು ಊಟ ಮಾಡಿದ್ದಕ್ಕೆ ಗಂಡಿನ ಮನೆಯವರಿಗೆ ದಕ್ಷಿಣೆ, ಮಾರನೇ ದಿನ ಮಗಳೂ ಅವರ ಮನೆಗೆ. ನಮ್ಮ ವಿಷಯದಲ್ಲಿ ಮಗಳನ್ನು ಕರೆದುಕೊಂಡು ಹೋಗಲೂ ಯಾರೂ ಬಂದಿಲ್ಲ.

ಟಿಸಿಯಿಂದ ಮೀಟರ್ ರೂಮಿಗೆ ಹನ್ನೊಂದು ಮೀಟರ್ ದೂರ. ಕೇಬಲ್ ಹೂತು ಮೇಲೆ ಟೈಲ್ಸ್ ಕೂಡ ಹಾಕಿಯಾಗಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕಳಿಸಿದ ನಾಡು ಇದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆ ಕಾಲದಲ್ಲಿ ಶಿವನಸಮುದ್ರಕ್ಕೆ ಯಂತ್ರಗಳನ್ನು ಸಾಗಿಸಲು ಆನೆಗಳೂ ದುಡಿದಿದ್ದವಂತೆ. ಈಗ ನಮಗೆ ಎಳೆಯಬೇಕಾಗಿರುವುದು ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಒಂದು ಫೈಲು, ಅಷ್ಟೇ. ಆನೆಯೇ ಬೇಕು ಅಂದರೆ ಅದಕ್ಕೂ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಆಲೂರು, ಸಕಲೇಶಪುರದ ಕಡೆ ದಿನಾ ಗದ್ದೆಗೆ ಇಳಿಯುತ್ತವೆ. ಒಂದನ್ನು ಈ ಕಡೆ ಓಡಿಸಿದರೆ ಗದ್ದೆಯವರೂ ನೆಮ್ಮದಿಯಾಗಿ ಮಲಗುತ್ತಾರೆ.

ಹಾಗಾದರೆ ಈಗ ಹೇಗೆ ಬದುಕಿದ್ದೀರಿ ಅಂತ ಕೇಳುತ್ತೀರಿ. ಟೆಂಪರರಿಯಲ್ಲಿ. ಕಟ್ಟಡ ಕಟ್ಟುವಾಗ ವೈಬ್ರೇಟರಿಗೆ, ಟೈಲ್ಸ್ ಕತ್ತರಿಸುವ ಮಿಷನ್ನಿಗೆ ಅಂತ 15 ಕಿಲೋವ್ಯಾಟಿನ ಟೆಂಪರರಿ ಕನೆಕ್ಷನ್ ತಗೊಂಡಿದ್ದರು. ಕೆಲಸದವರು ಹೋದರು, ಕನೆಕ್ಷನ್ ಉಳಿಯಿತು. ಹದಿನಾರು ಸಂಸಾರ ಈಗ ಅದರ ಮೇಲೆ ನೇತಾಡುತ್ತಿದೆ. ಇದು ಸರಿಯಲ್ಲ ಅಂತ ನಮಗೂ ಗೊತ್ತು, ಅವರಿಗೂ ಗೊತ್ತು. ದರವೂ ದುಬಾರಿ. ಊರವರೆಲ್ಲ ಗೃಹಜ್ಯೋತಿಯ ಸೊನ್ನೆ ಬಿಲ್ಲು ಪಡೆಯುತ್ತಾರೆ. ನಮಗೆ 200 ಯೂನಿಟ್ಟಿನ ಮಾತು ಹಾಗಿರಲಿ, ಬಿಲ್ಲಿಗೆ ಬೇಕಾದ ಆರ್.ಆರ್. ನಂಬರೇ ಇಲ್ಲ.

ಇಲ್ಲಿ ಪಾಳಿ ಬರುತ್ತದೆ. ಎರಡನೇ ಮಹಡಿಯಲ್ಲಿ ಒಬ್ಬರು ಆಂಟಿ ಇದ್ದಾರೆ, ನಿವೃತ್ತ ಹೈಸ್ಕೂಲ್ ಮೇಡಂ. ವಾಟ್ಸ್ಯಾಪಿನಲ್ಲಿ ಗೀಸರ್ ಟೈಮ್‌ಟೇಬಲ್ ಹಾಕಿದವರು ಅವರು. 5:30ರಿಂದ 5:50 ಮೊದಲನೇ ಮಹಡಿ. 6:10ರವರೆಗೆ ಎರಡನೇದು, 6:30ರವರೆಗೆ ಮೂರನೇದು, 6:50ರವರೆಗೆ ನಾವು, ಇಲ್ಲದವರು. ಮನೆಗೆ ಒಂದೇ ಗೀಸರ್. ಹದಿನೈದು ಲೀಟರ್ ಕಾಯಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಇಟ್ಟು ಅಳೆದೇ ಇಪ್ಪತ್ತು ನಿಮಿಷ ಗೊತ್ತು ಮಾಡಿದ್ದಾರೆ. ಮನೆಗೆ ನೆಂಟರು ಬರುವುದಿದ್ದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಮೆಸೇಜ್ ಹಾಕಬೇಕು. ಪಾಳಿ ಅದಲುಬದಲು ಬೇಕಾದರೆ ಇಬ್ಬರೂ ಒಪ್ಪಿ ತಿಳಿಸಬೇಕು. ಒಂದು ದಿನ ಮೂರನೇ ಮಹಡಿಯವರೊಬ್ಬರು ಕದ್ದು 5:40ಕ್ಕೇ ಹಾಕಿದರು. ಫ್ಯೂಸ್ ಹೋಯಿತು. ಮೊದಲನೇ ಮಹಡಿಯ ಲಾಯರು ಅರ್ಧ ಸೋಪಿನಲ್ಲಿ ಮೆಟ್ಟಿಲಿಗೆ ಬಂದು ನಿಂತು, ಯಾರು ಅಂತ ಕೂಗಿದರು. ಆಂಟಿ ಶಾಂತವಾಗಿ ಅಪರಾಧಿಗೆ ಒಂದು ವಾರ ಕೊನೇ ಪಾಳಿ ಕೊಟ್ಟರು. ನರಕ ಚತುರ್ದಶಿಯ ಎಣ್ಣೆಸ್ನಾನದ ದಿನ ಮಾತ್ರ ಅವರ ಕೈಯಲ್ಲೂ ಆಗಲಿಲ್ಲ. ಮೂರು ಸಲ ಫ್ಯೂಸ್ ಹೋಯಿತು. ಎಂಟು ಮನೆಯವರು ಎಣ್ಣೆ ಮೈಯಲ್ಲೇ ಒಬ್ಬಟ್ಟು ತಿಂದರು.

ಇಷ್ಟು ಅಚ್ಚುಕಟ್ಟಾಗಿ ಲೋಡ್ ನೋಡಿಕೊಳ್ಳುವವರನ್ನು ನಾನಂತೂ ಇನ್ನೆಲ್ಲೂ ಕಂಡಿಲ್ಲ. ಆಂಟಿಗೆ ಸಂಬಳ ಇಲ್ಲ, ಜೀಪೂ ಇಲ್ಲ.

ಸೋಲಾರ್ ಇದೆ ಅಂದೆನಲ್ಲ. ಸೋಲಾರ್ ಇಲ್ಲದೆ ಕನೆಕ್ಷನ್ ಕೊಡಲ್ಲ ಅಂದಿದ್ದಕ್ಕೆ ತಾರಸಿ ಮೇಲೆ ಸಾಲಾಗಿ ಕೂರಿಸಿದ್ದಾರೆ. ಕನೆಕ್ಷನ್ ಬರಲಿಲ್ಲ, ಸೋಲಾರ್ ಬಂತು. ಜೂನ್ ಹಿಡಿದರೆ ಆಗಸ್ಟ್ ಮುಗಿಯುವವರೆಗೆ ನಮ್ಮೂರಲ್ಲಿ ಸೂರ್ಯನದ್ದೂ ಟೆಂಪರರಿ ಸಪ್ಲೈ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರು ಕೂತು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಹೇಳಿದಂತೆ ಕೇಳಿಸುತ್ತಾರೆ. ಅವೂ ಬಿಸಿಲಲ್ಲೇ ನಡೆಯುವ ಸಾಮಾನು. ಮೋಡದ ಮೇಲೆ ಮನೆ ಮಾಡಿದವರಿಗೆ ಎಲ್ಲ ಸಲೀಸು.

ಮೀಟರ್ ರೂಮನ್ನು ನೀವು ನೋಡಬೇಕು. ಬೋರ್ಡಿನಲ್ಲಿ ಮನೆಗಳಿಗೆ ಅಂತ ಹನ್ನೆರಡು ಖಾನೆ. ಉಳಿದ ನಾಲ್ಕಕ್ಕೆ ಪಕ್ಕದಲ್ಲಿ ಖಾಲಿ ತಗಡು ಹೊಡೆದು, ಆಮೇಲೆ ನೋಡ್ಕೊಳ್ಳೋಣ ಸಾರ್ ಅಂದಿದ್ದಾರೆ. ಆ ತಗಡೇ ನನ್ನ ಮನೆ. ಈ ನಡುವೆ ಮೀಟರುಗಳು ಸ್ಮಾರ್ಟ್ ಬೇರೆ ಆದವು. ಸಾವಿರದೊಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಬೆಲೆ 2025ರಲ್ಲಿ ಐದು ಸಾವಿರದ ಹತ್ತಿರ ಹೋಯಿತು. ಕಾದಷ್ಟೂ ಅದಕ್ಕೆ ಬುದ್ಧಿ ಬರುತ್ತದೆ, ನಮಗೆ ಬರಲ್ಲ.

ಇಡೀ ಕಟ್ಟಡದಲ್ಲಿ ನಿಯಮದ ಪ್ರಕಾರ ಇರುವುದು ಅರ್ಥಿಂಗ್ ಒಂದೇ. ಅದೂ ಅಕಸ್ಮಾತ್ತಾಗಿ. ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಇದ್ದಲು, ಉಪ್ಪು ತುಂಬಿ ಮುಚ್ಚಿದ್ದರು. ಮಣ್ಣು ಒಣಗಿದರೆ ಅರ್ಥಿಂಗ್ ಸತ್ತ ಹಾಗೆ, ಆಗಾಗ ನೀರು ಹಾಕುತ್ತಿರಬೇಕು. ಯಾರು ಹಾಕುತ್ತಾರೆ? ಮೊದಲನೇ ಮಹಡಿಯ ಅಮ್ಮ ಒಬ್ಬರು, ಪಾರ್ಕಿಂಗಿನ ಮೂಲೆಯಲ್ಲಿ ಹೀಗೊಂದು ಚೌಕ ಕಟ್ಟೆ ಖಾಲಿ ಇದೆ ಅಂತ ಅದರಲ್ಲಿ ತುಳಸಿ ನೆಟ್ಟರು. ದಿನಾ ಬೆಳಗ್ಗೆ ಒಂದು ತಂಬಿಗೆ ನೀರು, ಮೂರು ಸುತ್ತು ಪ್ರದಕ್ಷಿಣೆ. ಉಪ್ಪು ತುಂಬಿದ ಗುಂಡಿಯಲ್ಲಿ ತುಳಸಿ ಬದುಕಿರುವುದೇ ಒಂದು ಪವಾಡ. ಕಂಟ್ರಾಕ್ಟರು ಮೊನ್ನೆ ಬಂದು ಅರ್ಥಿಂಗ್ ಅಳೆಯುವ ಮೆಗ್ಗರ್ ಹಚ್ಚಿ ನೋಡಿ, "ಇಷ್ಟು ಚೆನ್ನಾಗಿರೋ ಅರ್ಥಿಂಗ್ ನಾನೇ ಹಾಕಿದ್ನಾ" ಅಂತ ಗಾಬರಿಯಾದರು.

ಲಿಫ್ಟಿನ ವಿಷಯ ಬರೆಯಬಾರದು ಅಂತಿದ್ದೆ.

ಲಿಫ್ಟ್ ಇದೆ. ಒಳಗೆ ಕನ್ನಡಿಯೂ ಇದೆ. ಲೈಸೆನ್ಸ್ ಇಲ್ಲ. ಲೈಸೆನ್ಸಿಗೆ ಹೋದರೆ ಪರ್ಮನೆಂಟ್ ಕನೆಕ್ಷನ್ ತೋರಿಸಿ ಅಂದರು. ಕನೆಕ್ಷನ್ನಿಗೆ ಹೋದರೆ ಓಸಿ ತೋರಿಸಿ ಅಂದರು. ಓಸಿಗೆ ಹೋದರೆ ಲಿಫ್ಟಿನ ಪೇಪರ್ ಎಲ್ಲಿ ಅಂದರು. ನಮ್ಮ ಎದುರು ಮನೆಯಲ್ಲಿ ಎಂಬತ್ತೆರಡು ವರ್ಷದ ಅಜ್ಜಿ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾವು ನಾಲ್ಕು ಜನ ಹಿಡಿದುಕೊಂಡು ಇಳಿಸುತ್ತೇವೆ, ಸಂಜೆ ಮತ್ತೆ ಹತ್ತಿಸುತ್ತೇವೆ. ತಿರುವಿನಲ್ಲಿ ಅಜ್ಜಿ ಗೋಡೆ ಹಿಡಿದುಕೊಳ್ಳುತ್ತಾರೆ. ನಿಮಗೆಲ್ಲ ತೊಂದರೆ ಕೊಟ್ಟೆ ಕಣಪ್ಪ ಅನ್ನುತ್ತಾರೆ. ತೊಂದರೆ ಕೊಟ್ಟವರು ಯಾರೂ ಇವತ್ತಿನವರೆಗೆ ಆ ಮೆಟ್ಟಿಲು ಹತ್ತಿ ಬಂದಿಲ್ಲ. ಒಂದು ಮಹಡಿ ಜಾಸ್ತಿ ಕಟ್ಟಿ ಮಾರಿದವನು ಬಂದಿಲ್ಲ. ಕಟ್ಟುವಾಗ ನೋಡಿ ಸುಮ್ಮನಿದ್ದವನೂ ಬಂದಿಲ್ಲ. ಅವನಿಗೆ ಬೇರೆ ಊರಿಗೆ ವರ್ಗವಾಗಿದೆಯಂತೆ, ಅಲ್ಲಿ ಚೆನ್ನಾಗಿದ್ದಾನಂತೆ. ದುಡ್ಡು ಕೊಟ್ಟು ತಗೊಂಡ ನಾವು ಕುರ್ಚಿ ಹೊರುತ್ತಿದ್ದೇವೆ. ಸುರಕ್ಷತೆಗೋಸ್ಕರ ಇಷ್ಟೆಲ್ಲ ಪೇಪರು ಅನ್ನುತ್ತಾರೆ. 2023ರ ನವೆಂಬರಿನಲ್ಲಿ ಹಾಸನಾಂಬೆ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದವರಿಗೆ ಕರೆಂಟ್ ಹೊಡೆದು, ನೂಕುನುಗ್ಗಲಾಗಿ, ಜನ ಆಸ್ಪತ್ರೆ ಸೇರಿದ್ದು ಈ ಊರಿನಲ್ಲೇ. ಆ ತಂತಿಯ ಹತ್ತಿರ ಎಷ್ಟು ಪೇಪರ್ ಇತ್ತು? ಸಾಕು.

ಬರೆಯುತ್ತಾ ಬರೆಯುತ್ತಾ ಇವತ್ತೂ 6:55 ಆಗಿಹೋಯಿತು. ಫೋನು ಕುಂಯ್ ಅಂತು. ಗ್ರೂಪಿನಲ್ಲಿ ಆಂಟಿಯ ಮೆಸೇಜು: "ನಾಲ್ಕನೇ ಮಹಡಿಯವರೇ, ಯಾರದೋ ಗೀಸರ್ ಇನ್ನೂ ಆನ್ ಇದೆ. ದಯವಿಟ್ಟು ಆಫ್ ಮಾಡಿ."

ನಮ್ಮದೇ. ಎದ್ದು ಹೋಗಿ ಆಫ್ ಮಾಡಿದೆ. ಬಂದು ಕೂತು ಉತ್ತರ ಹಾಕಿದೆ: "ಯಾವ ನಾಲ್ಕನೇ ಮಹಡಿ, ಆಂಟಿ?"