ನಕ್ಷೆ ಬಿಡಿಸುವ ಮೊದಲೇ ನಮ್ಮನ್ನು ಕೇಳಬೇಕು

ಇವತ್ತು ಬೆಳಿಗ್ಗೆ ನಮ್ಮ ಬಡಾವಣೆಯ ಸಭೆಗೆ ಹೋಗಿ ಬಂದವನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ರಸ್ತೆ ಮತ್ತು ಚರಂಡಿ ಕಾಮಗಾರಿಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೇವೆಂದು ಕರೆಸಿಕೊಂಡವರು, ನಾವೆಲ್ಲ ಕುಳಿತ ಮೇಲೆ, ಟೆಂಡರ್ ಮುಗಿದು ಕಾರ್ಯಾದೇಶವನ್ನೂ ಕೊಟ್ಟಾಗಿದೆ ಎಂದರು. ಹಾಗಿದ್ದರೆ ನಮ್ಮನ್ನು ಕರೆದದ್ದೇಕೆ?

ಕೊನೆಯ ಮನೆಯ ಅಜ್ಜಿ ಎದ್ದು ನಿಂತು, "ಸ್ವಾಮಿ, ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹಾಕಿ ಹಾಕಿ, ರಸ್ತೆ ನಮ್ಮ ಹೊಸ್ತಿಲಿಗಿಂತ ಒಂದು ಗೇಣು ಮೇಲಿದೆ. ಮಳೆ ಬಂದರೆ ನೀರು ದೇವರ ಮನೆ ತನಕ ಬರುತ್ತೆ. ಈ ಸಲವಾದರೂ ಕೆರೆದು ಹಾಕಿ" ಎಂದರು. "ಎಸ್ಟಿಮೇಟ್‌ನಲ್ಲಿ ಅದಿಲ್ಲಮ್ಮ" ಎಂದು ಎಂಜಿನಿಯರ್ ಫೈಲು ಮಡಚಿದರು. ಎಸ್ಟಿಮೇಟ್ ಬರೆಯುವ ಮುನ್ನ ಒಮ್ಮೆ ಆ ಹೊಸ್ತಿಲ ಮೇಲೆ ನಿಂತು ನೋಡಿದ್ದರೆ ಅದು ಇರುತ್ತಿತ್ತು.

ನಮ್ಮನ್ನು ಕೇಳುವುದು ಯಾರ ಔದಾರ್ಯದ ಮಾತೂ ಅಲ್ಲ. 1992ರಲ್ಲೇ ಸಂವಿಧಾನದ 74ನೇ ತಿದ್ದುಪಡಿಯು, 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ, ಬಡಾವಣೆಯ ಕೆಲಸಗಳಲ್ಲಿ ಸ್ಥಳೀಯರ ಮಾತಿಗೂ ಜಾಗ ಕೊಡುವ ವಾರ್ಡ್ ಸಮಿತಿಗಳು ಇರಲೇಬೇಕೆಂದು ಹೇಳಿದೆ. ಬೆಂಗಳೂರಿನಲ್ಲಿ ಆ ಸಮಿತಿಗಳನ್ನು ರಚಿಸುವುದಕ್ಕೇ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲಂತೂ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಹೋಗಿ ಕೇಳುವುದಕ್ಕೆ ಒಬ್ಬ ಕಾರ್ಪೊರೇಟರ್ ಕೂಡ ನಮಗಿರಲಿಲ್ಲ.

ಜನರನ್ನು ಕೇಳುತ್ತ ಕುಳಿತರೆ ಕೆಲಸ ಮುಗಿಯುವುದಿಲ್ಲ, ತಾಂತ್ರಿಕ ವಿಷಯ ಅವರಿಗೆ ತಿಳಿಯುವುದಿಲ್ಲ ಎನ್ನುವವರಿದ್ದಾರೆ. ಕೊಳವೆಯ ಅಳತೆ ಎಂಜಿನಿಯರಿಗೆ ಗೊತ್ತಿರುತ್ತದೆ, ಒಪ್ಪುತ್ತೇನೆ. ಆದರೆ ನಡುರಾತ್ರಿಯ ಮಳೆಯಲ್ಲಿ ನೀರು ಯಾವ ಮನೆಗೆ ನುಗ್ಗುತ್ತದೆಂಬುದು ಅಲ್ಲಿ ಬಕೆಟ್ ಹಿಡಿದು ನಿಂತವರಿಗೇ ಗೊತ್ತು. ಇನ್ನು ವಿಳಂಬದ ಮಾತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಯನ್ನು ಜನರ ಮುಂದಿಟ್ಟು ಚರ್ಚಿಸದೆ ಹೊರಟಿದ್ದರಿಂದ ಯಾವ ಸಮಯ ಉಳಿಯಿತು? 800ಕ್ಕೂ ಹೆಚ್ಚು ಮರಗಳು ಉರುಳುತ್ತವೆಂದು ತಿಳಿದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಮಂದಿ ಕೈ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ನಾನೂ ಅಲ್ಲಿದ್ದೆ. ಮರುವರ್ಷದ ಮಾರ್ಚ್‌ನಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಮೊದಲೇ ಕೇಳಿದ್ದರೆ ನಾವು ಬೀದಿಗಿಳಿಯುವ ಅಗತ್ಯವೇ ಬರುತ್ತಿರಲಿಲ್ಲ.

ಸಭೆಯಿಂದ ಮರಳುವಾಗ ಅಜ್ಜಿ, ಹೊಸ್ತಿಲ ಮುಂದೆ ಎರಡು ವರಸೆ ಇಟ್ಟಿಗೆ ಕಟ್ಟಿಸಲು ಎಷ್ಟಾಗಬಹುದೆಂದು ನನ್ನನ್ನು ಕೇಳಿದರು. ನನಗೆ ಉತ್ತರ ಹೇಳಲಾಗಲಿಲ್ಲ. ಡಾಂಬರು ಕೆರೆದೇ ರಸ್ತೆ ಹಾಕಬೇಕೆಂದು, ಮುಂದಿನ ಕಾಮಗಾರಿಯ ಕರಡು ನಕ್ಷೆಯನ್ನು ಟೆಂಡರ್‌ಗೆ ಮೊದಲೇ ಕನ್ನಡದಲ್ಲಿ ಬೀದಿಯಲ್ಲಿ ಅಂಟಿಸಬೇಕೆಂದು ಮನವಿ ಬರೆದಿಟ್ಟಿದ್ದೇನೆ. ನಮ್ಮ ಬೀದಿಯವರು ನಾಳೆ ಸಂಜೆ ಮನೆಗೆ ಬಂದು ಸಹಿ ಹಾಕಿ. ಸೋಮವಾರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದು ಬರುತ್ತೇನೆ.