‘ಮೊದಲ ಸುರಕ್ಷಿತ ದೇಶ’ದ ನಿಯಮದ ಕುರಿತು ಸ್ಪಷ್ಟನೆ

ವಲಸೆ ಮತ್ತು ನಿರಾಶ್ರಿತರ ಕಾನೂನುಗಳ ಸುಧಾರಣೆಯ ಚರ್ಚೆಯ ನಡುವೆ, ‘ನಿರಾಶ್ರಿತರು ತಾವು ತಲುಪಿದ ಮೊದಲ ಸುರಕ್ಷಿತ ದೇಶದಲ್ಲೇ ಆಶ್ರಯ ಕೋರಬೇಕೆಂದು 1951ರ ನಿರಾಶ್ರಿತರ ಒಪ್ಪಂದ ವಿಧಿಸುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಹಂಚಿಕೊಂಡಿದ್ದೆ. ಅದು ತಪ್ಪು.

ಆ ಅಂತಾರಾಷ್ಟ್ರೀಯ ಒಪ್ಪಂದದಲ್ಲಾಗಲಿ, ಅದಕ್ಕೆ ಪೂರಕವಾದ 1967ರ ಪ್ರೋಟೊಕಾಲ್‌ನಲ್ಲಾಗಲಿ ಅಂಥ ವಿಧಿಯಿಲ್ಲ. ಗೊಂದಲಕ್ಕೆ ಬಹುಶಃ 31ನೇ ವಿಧಿಯೇ ಕಾರಣ: ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿದ್ದ ಪ್ರದೇಶದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ, ಸೂಕ್ತ ಕಾರಣ ನೀಡುವ ನಿರಾಶ್ರಿತರನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸಬಾರದೆಂದು ಅದು ಹೇಳುತ್ತದೆ. ‘ನೇರವಾಗಿ’ ಎಂಬ ಪದದ ವ್ಯಾಪ್ತಿಯ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆದಿದೆ, ನಿಜ. ಆದರೆ ಆ ವಿಧಿ ಶಿಕ್ಷೆಗೆ ಸಂಬಂಧಿಸಿದ್ದೇ ಹೊರತು ಆಶ್ರಯ ಕೋರುವ ಅರ್ಹತೆಗಲ್ಲ.

ಯಾವ ದೇಶ ಅರ್ಜಿಯನ್ನು ಪರಿಶೀಲಿಸಬೇಕೆಂಬ ನಿಯಮಗಳು ಇಲ್ಲವೆಂದಲ್ಲ. ಐರೋಪ್ಯ ಒಕ್ಕೂಟದ ಡಬ್ಲಿನ್ ವ್ಯವಸ್ಥೆ, 2004ರಲ್ಲಿ ಜಾರಿಗೆ ಬಂದ ಕೆನಡಾ–ಅಮೆರಿಕ ಒಪ್ಪಂದ ಅಂಥವು. ಅವು ಆಯಾ ದೇಶಗಳು ತಮ್ಮೊಳಗೆ ಮಾಡಿಕೊಂಡ ಏರ್ಪಾಡುಗಳು, ಜಾಗತಿಕ ನಿಯಮವಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಪಡೆದವರಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.